ಬೆನ್ನುಮೂಳೆಯ ಶಸ್ತ್ರವೈದ್ಯರಾಗಲು ಯಾವ ದಾರಿ? ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಯುವ ವೈದ್ಯರಿಗೊಂದು ಹೋಲಿಕೆಯ ಮಾರ್ಗದರ್ಶಿ

ಕೋಲಾರದ ಟಮಕದಲ್ಲಾಗಲಿ, ತುಮಕೂರಿನ ಅಗಳಕೋಟೆ ಅಥವಾ ಶಿರಾ ರಸ್ತೆಯಲ್ಲಾಗಲಿ, ಚಿಕ್ಕಬಳ್ಳಾಪುರದ ಸರ್ಕಾರಿ ಕಾಲೇಜಿನಲ್ಲಾಗಲಿ ಎಂಬಿಬಿಎಸ್ ಓದುವವರಲ್ಲಿ ಕೆಲವರು ಮೂಳೆ ವಿಭಾಗದ ಪೋಸ್ಟಿಂಗ್ ಮುಗಿಸುವ ಹೊತ್ತಿಗೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯತ್ತ ಮನಸ್ಸು ಮಾಡಿರುತ್ತಾರೆ. ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸರ್, ಸ್ಪೈನ್ ಮಾಡ್ಬೇಕು ಅಂತಿದೀನಿ, ಆರ್ಥೋ ತಗೊಳ್ಳೋದಾ, ನ್ಯೂರೋ ತಗೊಳ್ಳೋದಾ?" ಆರ್ಥೋ ಎಂದರೆ ಮೂಳೆ ವಿಭಾಗ, ನ್ಯೂರೋ ಎಂದರೆ ಮಿದುಳು ಮತ್ತು ನರಗಳ ಶಸ್ತ್ರಚಿಕಿತ್ಸೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ವೃತ್ತಿಯಲ್ಲಿ ಇದಾದ ಮೇಲೆ ಇನ್ನೂ ಎರಡು ಆಯ್ಕೆಗಳು ಕಾದಿರುತ್ತವೆ. ಫೆಲೋಶಿಪ್, ಅಂದರೆ ಪಿಜಿ ಮುಗಿದ ಮೇಲಿನ ವಿಶೇಷ ತರಬೇತಿ, ಎಲ್ಲಿ ಮಾಡುವುದು ಎಂಬುದು ಒಂದು, ಕಲಿತ ಮೇಲೆ ಎಲ್ಲಿ, ಯಾರ ಜೊತೆ ಕೆಲಸ ಮಾಡುವುದು ಎಂಬುದು ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಮೂರನೆಯದೇ ಎಲ್ಲಕ್ಕಿಂತ ಭಾರವಾದದ್ದು, ಮತ್ತು ಬಹುತೇಕರು ಅದನ್ನು ಕೊನೆಗೆ, ಅವಸರದಲ್ಲಿ ತೀರ್ಮಾನಿಸುತ್ತಾರೆ. ಆದ್ದರಿಂದ ಮೊದಲ ಎರಡನ್ನು ಹೋಲಿಸುವಾಗಲೂ ಮೂರನೆಯದನ್ನು ಕಣ್ಣ ಮುಂದೆ ಇಟ್ಟುಕೊಂಡೇ ಇಲ್ಲಿ ಬರೆದಿದ್ದೇನೆ.

ಆರ್ಥೋ ದಾರಿ, ನ್ಯೂರೋ ದಾರಿ

ಬೆನ್ನುಮೂಳೆ ಎರಡು ವಿಭಾಗಗಳ ಗಡಿಯಲ್ಲಿರುವ ಅಂಗ. ಹೊರಗೆ ಮೂಳೆ, ಡಿಸ್ಕ್, ಕೀಲು, ಸ್ನಾಯುಬಂಧ. ಒಳಗೆ ಬೆನ್ನುಹುರಿ, ಅದನ್ನು ಸುತ್ತಿರುವ ಡೂರಾ ಎಂಬ ಪೊರೆ, ನರದ ಬೇರುಗಳು. ಈ ವಿಷಯದ ಚರಿತ್ರೆಯೂ ಇಬ್ಬರ ಕೈಯಲ್ಲೇ ಬೆಳೆದಿದೆ. ಡಿಸ್ಕ್ ಹೊರಜಾರಿ ನರವನ್ನು ಒತ್ತುವುದರಿಂದಲೇ ಕಾಲಿಗೆ ಸೆಳೆತ ಬರುತ್ತದೆ ಎಂಬುದನ್ನು 1934ರಲ್ಲಿ ಬಾಸ್ಟನ್ನಿನಿಂದ ಪ್ರಕಟಿಸಿದವರು ಮಿಕ್ಸ್ಟರ್ ಎಂಬ ನರಶಸ್ತ್ರವೈದ್ಯರು ಮತ್ತು ಬಾರ್ ಎಂಬ ಮೂಳೆ ವೈದ್ಯರು, ಜೊತೆಯಾಗಿ. ಪೋಲಿಯೋದಿಂದ ಬೆನ್ನು ಸೊಟ್ಟಗಾದ ಮಕ್ಕಳಿಗೆ ಲೋಹದ ಸರಳು ಹಾಕಿ ನೇರ ಮಾಡುವ ವಿಧಾನವನ್ನು ರೂಪಿಸಿದ ಹ್ಯಾರಿಂಗ್ಟನ್ ಮೂಳೆ ವೈದ್ಯರು. ಕಶೇರುವಿನ, ಅಂದರೆ ಬೆನ್ನುಮೂಳೆಯ ಒಂದೊಂದು ಮಣಿಯ, ಪೆಡಿಕಲ್ ಎಂಬ ಮೂಳೆಯ ಕಂಬದ ಮೂಲಕ ಸ್ಕ್ರೂ ಹಾಕುವುದನ್ನು ಬಳಕೆಗೆ ತಂದ ಪ್ಯಾರಿಸ್ಸಿನ ರಾಯ್-ಕ್ಯಾಮಿಯ್ ಕೂಡ ಮೂಳೆ ವೈದ್ಯರೇ. ಮೈಕ್ರೋಸ್ಕೋಪಿನಡಿ ಸಣ್ಣ ಗಾಯದಿಂದ ಡಿಸ್ಕ್ ತೆಗೆಯುವುದನ್ನು 1977ರಲ್ಲಿ ವರದಿ ಮಾಡಿದ ಯಸರ್ಗಿಲ್ ಮತ್ತು ಕಾಸ್ಪರ್ ನರಶಸ್ತ್ರವೈದ್ಯರು. ಇವತ್ತಿಗೂ ಎರಡು ದಾರಿಗಳ ಸ್ವಭಾವ ಹೆಚ್ಚು ಕಡಿಮೆ ಹೀಗೆಯೇ ಇದೆ. ಆರ್ಥೋದಿಂದ ಬಂದವರಿಗೆ ಸ್ಕ್ರೂ, ಸರಳು, ಬೆನ್ನಿನ ಭಾರ ಮತ್ತು ವಕ್ರತೆಯ ಲೆಕ್ಕ ಸಲೀಸು. ನ್ಯೂರೋದಿಂದ ಬಂದವರಿಗೆ ಡೂರಾ, ನರ, ಮೈಕ್ರೋಸ್ಕೋಪು ಸಲೀಸು.

ಅವಧಿಯನ್ನು ನೋಡೋಣ. ಎಂಬಿಬಿಎಸ್ ಮತ್ತು ಹೌಸ್ ಸರ್ಜನ್ಸಿಗೆ ಐದೂವರೆ ವರ್ಷ ಇಬ್ಬರಿಗೂ ಸಮಾನ. ಅಲ್ಲಿಂದ ನೀಟ್-ಪಿಜಿ ಪ್ರವೇಶ ಪರೀಕ್ಷೆ ಬರೆದು ಎಂಎಸ್ ಆರ್ಥೋ ಅಥವಾ ಅದಕ್ಕೆ ಸಮನಾದ, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ ಆರ್ಥೋಗೆ ಮೂರು ವರ್ಷ, ಆಮೇಲೆ ಬೆನ್ನುಮೂಳೆಯ ಫೆಲೋಶಿಪ್‌ಗೆ ಒಂದರಿಂದ ಎರಡು ವರ್ಷ. ಒಂದು ವರ್ಷವೂ ವ್ಯರ್ಥವಾಗದಿದ್ದರೆ ಹತ್ತೂವರೆ ವರ್ಷದೊಳಗೆ ತರಬೇತಿ ಮುಗಿಯುತ್ತದೆ. ನ್ಯೂರೋ ದಾರಿಯಲ್ಲಿ ಜನರಲ್ ಸರ್ಜರಿಯ ಎಂಎಸ್‌ಗೆ ಮೂರು ವರ್ಷ, ನೀಟ್-ಎಸ್‌ಎಸ್ ಎಂಬ ಮುಂದಿನ ಪ್ರವೇಶ ಪರೀಕ್ಷೆ ಬರೆದು ನರಶಸ್ತ್ರಚಿಕಿತ್ಸೆಯ ಎಂಸಿಎಚ್‌ಗೆ ಮತ್ತೆ ಮೂರು ವರ್ಷ. ಅಥವಾ ಎಂಬಿಬಿಎಸ್ ಆದ ಮೇಲೆ ನೇರವಾಗಿ ಆರು ವರ್ಷದ ಕೋರ್ಸು. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಆರ್‌ಎನ್‌ಬಿಯಲ್ಲಿ ಈ ನೇರ ದಾರಿ ಇದೆ, ನಮ್ಮ ನಿಮ್ಹಾನ್ಸ್‌ನಲ್ಲೂ ಇದೆ. ಎರಡೂ ಲೆಕ್ಕದಲ್ಲಿ ಹನ್ನೊಂದೂವರೆ ವರ್ಷ. ಅದರ ಮೇಲೆ ಬೆನ್ನುಮೂಳೆಗೆಂದೇ ಫೆಲೋಶಿಪ್ ಮಾಡಿದರೆ ಇನ್ನೂ ಹೆಚ್ಚು. ಒಂದು ವರ್ಷದ ಅಂತರವನ್ನು ನೋಡಿ ದಾರಿ ಆರಿಸುವುದು ಜಾಣತನವಲ್ಲ, ಏಕೆಂದರೆ ಆ ವರ್ಷಗಳಲ್ಲಿ ದಿನವಿಡೀ ಏನು ಮಾಡುತ್ತೀರಿ ಎಂಬುದು ಎರಡರಲ್ಲಿ ಪೂರಾ ಬೇರೆ.

ಆರ್ಥೋ ಪಿಜಿಯ ಮೂರು ವರ್ಷದಲ್ಲಿ ಬೆನ್ನುಮೂಳೆ ಒಂದು ಸಣ್ಣ ಪಾಲು ಮಾತ್ರ. ತೊಡೆಮೂಳೆಯ ಮುರಿತ, ಮಣಿಕಟ್ಟು, ಪ್ಲಾಸ್ಟರ್, ಮಕ್ಕಳ ಮೊಣಕೈ, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಮಂಡಿ ಬದಲಿ ಶಸ್ತ್ರಚಿಕಿತ್ಸೆ, ಇವುಗಳಲ್ಲೇ ಕಾಲ ಕಳೆಯುತ್ತದೆ. ನ್ಯೂರೋದಲ್ಲಿ ರಾತ್ರಿಯ ಬಹುಪಾಲು ತಲೆಗೆ ಪೆಟ್ಟಾದವರದ್ದು. ಹೆದ್ದಾರಿ 48, 75, 44 ಮೂರೂ ನಮ್ಮ ಜಿಲ್ಲೆಗಳ ಮೂಲಕವೇ ಹಾದುಹೋಗುವಾಗ ಇದರ ಪ್ರಮಾಣ ಎಷ್ಟಿರುತ್ತದೆ ಎಂದು ಹೇಳಬೇಕಾಗಿಲ್ಲ. ಬೆನ್ನುಮೂಳೆಗಾಗಿ ಮಾತ್ರ ನ್ಯೂರೋಗೆ ಹೋಗಿ, ಮಿದುಳಿನ ಕೆಲಸ ಒಗ್ಗದೆ ಒದ್ದಾಡಿದವರನ್ನು ಕಂಡಿದ್ದೇನೆ. ಹಾಗೆಯೇ ಮುರಿದ ಮೂಳೆ ಕೂಡಿಸುವುದರಲ್ಲಿ ಒಂದಿಷ್ಟೂ ಖುಷಿಯಿಲ್ಲದವರು ಆರ್ಥೋಗೆ ಬಂದು, ಸ್ಪೈನ್ ಸಿಗುವ ತನಕ ಹೇಗೋ ತಳ್ಳೋಣ ಎಂದುಕೊಂಡರೆ ಆ ಮೂರು ವರ್ಷ ದೀರ್ಘವಾಗುತ್ತದೆ. ಬೆನ್ನುಮೂಳೆ ಕೊನೆಗೂ ಸಿಗದೆ ಹೋದರೆ ಉಳಿದ ಕೆಲಸದಲ್ಲಿ ಬದುಕಬಲ್ಲಿರಾ ಎಂದು ಕೇಳಿಕೊಂಡು, ಉತ್ತರ ಹೌದು ಎಂದು ಬರುವ ವಿಭಾಗವನ್ನೇ ಆರಿಸುವುದು ಲೇಸು.

ಶಸ್ತ್ರಚಿಕಿತ್ಸೆಯ ವ್ಯಾಪ್ತಿಯ ಹೋಲಿಕೆ ಇಷ್ಟು. ಜಾರಿದ ಡಿಸ್ಕ್, ಸೊಂಟದ ನರನಾಳ ಕಿರಿದಾಗುವುದು, ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಲ್ಪಡುವುದು, ಬೆನ್ನುಮೂಳೆಯ ಮುರಿತ, ಕ್ಷಯ: ಇವನ್ನು ಇಬ್ಬರೂ ಮಾಡುತ್ತಾರೆ, ಮತ್ತು ಚೆನ್ನಾಗಿ ಕಲಿತ ಇಬ್ಬರ ಫಲಿತಾಂಶದಲ್ಲಿ ರೋಗಿಗೆ ತಿಳಿಯುವಂಥ ವ್ಯತ್ಯಾಸವಿರುವುದಿಲ್ಲ. ಬೆಳೆಯುವ ಮಕ್ಕಳ ಬೆನ್ನಿನ ವಕ್ರತೆ, ವಯಸ್ಕರ ಗೂನು ಸರಿಪಡಿಸುವಿಕೆ ಹೆಚ್ಚಾಗಿ ಆರ್ಥೋದವರ ಕೈಯಲ್ಲಿದೆ. ಡೂರಾದ ಒಳಗಿನ ಗಡ್ಡೆ, ಹುಟ್ಟಿನಿಂದಲೇ ಬೆನ್ನುಹುರಿ ಕೆಳಗೆ ಅಂಟಿಕೊಂಡಿರುವುದು, ನವಜಾತ ಶಿಶುವಿನ ಬೆನ್ನಿನ ಮೇಲಿನ ನರಚೀಲ, ಇವು ನ್ಯೂರೋದವರದ್ದೇ. ಎಲ್ಲವನ್ನೂ ಮಾಡುವವನಾಗಬೇಕು ಎಂಬ ಆಸೆ ಇದ್ದರೆ ನ್ಯೂರೋ ದಾರಿಯೇ ಅಗಲವಾದದ್ದು ಎನ್ನಬಹುದು. ಆದರೆ ನಮ್ಮ ಜಿಲ್ಲೆಗಳ ಹೊರರೋಗಿ ವಿಭಾಗಕ್ಕೆ ಯಾರು ಬರುತ್ತಾರೆ ಎಂಬುದನ್ನು ನೋಡಿದರೆ ಲೆಕ್ಕ ಬೇರೆಯಾಗುತ್ತದೆ.

ನಮ್ಮ ಬೆನ್ನುಗಳು

ಗುಬ್ಬಿ, ತಿಪಟೂರು, ತುರುವೇಕೆರೆ ಕಡೆ ತೆಂಗಿನ ಮರದಿಂದ ಬಿದ್ದವರ ಪ್ರಸಂಗ ತೆಗೆದುಕೊಳ್ಳಿ. ಮೂವತ್ತೈದರ ಗಂಡಸು, ಕಾಯಿ ಕೀಳಲು ಹತ್ತಿದವನು, ಕಾಲೂರಿ ಅಥವಾ ಕುಂಡೆಯ ಮೇಲೆ ಬೀಳುತ್ತಾನೆ. ಎದೆಯ ಭಾಗದ ಗಟ್ಟಿ ಬೆನ್ನು ಸೊಂಟದ ಬಳುಕುವ ಬೆನ್ನಿಗೆ ಸೇರುವ ತಾವಿನಲ್ಲಿ, ಅಂದರೆ ಹನ್ನೆರಡನೆಯ ಎದೆ ಕಶೇರು ಮತ್ತು ಮೊದಲನೆಯ ಸೊಂಟದ ಕಶೇರುವಿನ ಆಸುಪಾಸಿನಲ್ಲಿ, ಮೂಳೆ ಪುಡಿಯಾಗಿ ಒಂದು ತುಂಡು ಹಿಂದಕ್ಕೆ ಸರಿದು ನರನಾಳದೊಳಗೆ ನುಗ್ಗುತ್ತದೆ. ಬೆನ್ನುಹುರಿ ಮುಗಿಯುವುದೂ ಅಲ್ಲೇ. ತೋಟದಲ್ಲಿದ್ದ ನಾಲ್ವರು ಒಬ್ಬೊಬ್ಬರು ಒಂದೊಂದು ಕೈಕಾಲು ಹಿಡಿದು ಎತ್ತಿ, ಗೂಡ್ಸ್ ಆಟೋದಲ್ಲಿ ಹಾಕಿ, ಮಡಿಲಲ್ಲಿ ತಲೆ ಇಟ್ಟುಕೊಂಡು ಕರೆತರುತ್ತಾರೆ. ಪ್ರೀತಿಯಿಂದಲೇ ಮಾಡಿದ ಕೆಲಸ. ಆದರೆ ಮೈಯನ್ನು ಹಲಗೆಯ ಮೇಲೆ ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಬೇಕಾದ ಹೊತ್ತಿನಲ್ಲಿ ನಡು ಬಾಗಿ ಜೋತುಬಿದ್ದಿರುತ್ತದೆ. ಬಂದ ಕೂಡಲೇ ನೋಡಬೇಕಾದದ್ದು ಹೆಬ್ಬೆರಳು ಎತ್ತುತ್ತಾನೆಯೇ, ಗುದದ್ವಾರದ ಸುತ್ತ ಸ್ಪರ್ಶ ಇದೆಯೇ, ಮೂತ್ರ ಕಟ್ಟಿದೆಯೇ ಎಂಬುದನ್ನು. ಇಂಥವನಿಗೆ ಬೇಕಾಗಿರುವುದು ಸ್ಕ್ರೂ ಹಾಕಿ ಬೆನ್ನನ್ನು ನಿಲ್ಲಿಸಬಲ್ಲವರು, ಮತ್ತು ಆಮೇಲೆ ತಿಂಗಳುಗಟ್ಟಲೆ ಮೂತ್ರನಾಳದ ಕೊಳವೆ, ಬೆನ್ನಿನ ಹುಣ್ಣು, ಗಾಲಿಕುರ್ಚಿ ಎಲ್ಲವನ್ನೂ ನೋಡಿಕೊಳ್ಳುವ ತಂಡ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲೂ, ಎಲ್ಲ ಕಡೆಯ ಹುಣಸೆ ಮರಗಳಲ್ಲೂ, ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿಗಳಲ್ಲೂ ಇದೇ ಕಥೆ ಬೇರೆ ಬೇರೆ ಎತ್ತರದಿಂದ ನಡೆಯುತ್ತದೆ.

ಇನ್ನೊಂದು, ನೀರಿನ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಪ್ಪಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಸಂಸ್ಥೆ ಹೇಳುತ್ತದೆ. ಪಾವಗಡ, ಶಿರಾ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಆ ಮಿತಿ ಮೀರುವುದು ಹಳೆಯ ಸುದ್ದಿ. ಹಲ್ಲಿನ ಕಂದು ಕಲೆಯನ್ನು ಎಲ್ಲರೂ ಗುರುತಿಸುತ್ತಾರೆ. ದಶಕಗಳ ಕಾಲ ಅದೇ ನೀರು ಕುಡಿದವರ ಬೆನ್ನಿನ ಒಳಗಿನ ಸ್ನಾಯುಬಂಧಗಳು ಮೂಳೆಯಾಗಿ ಗಟ್ಟಿಯಾಗಿ, ನರನಾಳವನ್ನು ಹಿಂದಿನಿಂದಲೂ ಮುಂದಿನಿಂದಲೂ ಇರುಕಿಸುವುದು ಕಣ್ಣಿಗೆ ಬೀಳುವುದಿಲ್ಲ. ರೋಗಿ ಬರುವುದು ಕಾಲು ಸೆಟೆದು, ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯದೆ ನಡೆಯುವ ಸ್ಥಿತಿಯಲ್ಲಿ. ಮುಂಗೈಯ ಎಕ್ಸ್-ರೇ ತೆಗೆಸಿದರೆ ಎರಡು ಮೂಳೆಗಳ ನಡುವಿನ ಪೊರೆ ಮೂಳೆಗಟ್ಟಿರುವುದು ಕಾಣುತ್ತದೆ, ರೋಗ ಬಹುಮಟ್ಟಿಗೆ ಅಲ್ಲಿಯೇ ಗೊತ್ತಾಗಿಬಿಡುತ್ತದೆ. ಶಸ್ತ್ರಚಿಕಿತ್ಸೆ ಮಾತ್ರ ಸುಲಭದ್ದಲ್ಲ. ಹೈಸ್ಪೀಡ್ ಡ್ರಿಲ್‌ನಿಂದ ಕಲ್ಲಿನಂತಾದ ಮೂಳೆಯನ್ನು ಕಾಗದದಷ್ಟು ತೆಳುವಾಗಿಸಿ ಎತ್ತಬೇಕು, ಕೆಳಗೆ ಡೂರಾ ಅಂಟಿಕೊಂಡಿರುತ್ತದೆ, ಹರಿಯುವ ಸಂಭವ ಹೆಚ್ಚು, ಮತ್ತು ತಡವಾಗಿ ಬಂದವರ ಕಾಲಿನ ಬಲ ಪೂರ್ತಿ ಮರಳುವ ಭರವಸೆ ಕೊಡಲಾಗದು. ಇಲ್ಲಿ ನ್ಯೂರೋದವರ ಕೈ, ಆರ್ಥೋದವರ ಕೈ ಎರಡೂ ಬೇಕು. ಯಾವ ದಾರಿಯಲ್ಲಿ ಹೋದರೂ ಇನ್ನೊಬ್ಬರ ಥಿಯೇಟರಿನಲ್ಲಿ ನಿಂತು ಕಲಿಯಲು ನಾಚಿಕೆಪಡಬಾರದು ಎನ್ನುವುದಕ್ಕೆ ನಮ್ಮ ಸೀಮೆಯ ಈ ಕಾಯಿಲೆಯೇ ಸಾಕು.

ಮೂರನೆಯದು ಕ್ಷಯ. ಬೆನ್ನುಮೂಳೆಯ ಕ್ಷಯಕ್ಕೆ ಹಿಂದೆ ಕಂಡವರಿಗೆಲ್ಲ ದೊಡ್ಡ ಶಸ್ತ್ರಚಿಕಿತ್ಸೆ ಮಾಡಬೇಕು ಎನ್ನುವವರಿದ್ದರು, ಔಷಧಿ ಒಂದೇ ಸಾಕು ಎನ್ನುವವರೂ ಇದ್ದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿದ್ದ ಎಸ್.ಎಂ. ತುಳಿಯವರು 1975ರಲ್ಲಿ ಪ್ರಕಟಿಸಿದ ಮಧ್ಯಮ ಮಾರ್ಗದ ಪ್ರಕಾರ ಎಲ್ಲರಿಗೂ ಮೊದಲು ಔಷಧಿ. ನರದ ಬಲ ಕುಗ್ಗುತ್ತಿದ್ದರೆ, ಔಷಧಿಗೆ ಬಗ್ಗದಿದ್ದರೆ, ಬೆನ್ನು ಕುಸಿಯುತ್ತಿದ್ದರೆ ಮಾತ್ರ ಚಾಕು. ಈ ಒಂದು ಕಾಯಿಲೆಯನ್ನು ಸರಿಯಾಗಿ ನಿಭಾಯಿಸಲು ಕಲಿತವರು ಉಳಿದ ಬೆನ್ನಿನ ರೋಗಗಳಲ್ಲೂ ಯಾವಾಗ ಕೈ ಕಟ್ಟಿ ಕೂರಬೇಕು ಎಂಬುದನ್ನು ಕಲಿತಿರುತ್ತಾರೆ. ಕಾಲಿಗೆ ಸೆಳೆತದೊಂದಿಗೆ ಬರುವ ಡಿಸ್ಕ್ ರೋಗಿಗಳಲ್ಲಿ ಬಹುಪಾಲಿನವರು ಕೆಲವು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಸುಧಾರಿಸುತ್ತಾರೆ. ಎಂಆರ್‌ಐ ಹಾಳೆ ಹಿಡಿದು "ಬೆನ್ನಲ್ಲಿ ಗ್ಯಾಪ್ ಬಂದಿದೆಯಂತೆ" ಎಂದು ಹೆದರಿ ಬಂದವರಿಗೆ ಸಮಾಧಾನ ಹೇಳಿ ಕಳಿಸುವುದು ಈ ವೃತ್ತಿಯ ಅರ್ಧ ಕೆಲಸ. ಆ ಅರ್ಧ ಇಷ್ಟವಾಗದವರು ಬೇರೆ ಉಪವಿಭಾಗ ನೋಡುವುದು ಒಳ್ಳೆಯದು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಈ ಮೂರು ಜಿಲ್ಲೆಗಳಲ್ಲಿ ನೆಲೆಸಲು ಮನಸ್ಸಿರುವವರಿಗೆ ನಾನು ಆರ್ಥೋ ದಾರಿಯನ್ನೇ ಮೊದಲು ಸೂಚಿಸುತ್ತೇನೆ. ಕಾರಣ ಸರಳ: ಜಿಲ್ಲಾ ಕೇಂದ್ರದಲ್ಲಿ ಮೊದಲ ಕೆಲವು ವರ್ಷ ಬೆನ್ನುಮೂಳೆ ಒಂದನ್ನೇ ಮಾಡಿಕೊಂಡು ಇರಲು ಆಗುವುದಿಲ್ಲ. ಬೆಳಿಗ್ಗೆ ಒಂದು ಡಿಸ್ಕ್ ಇದ್ದರೆ ಮಧ್ಯಾಹ್ನ ಎರಡು ತೊಡೆಮೂಳೆ ಇರುತ್ತದೆ, ಆರ್ಥೋ ಕಲಿತವರಿಗೆ ಅದು ಅನ್ನವೂ ಹೌದು, ಅಭ್ಯಾಸವೂ ಹೌದು. ನ್ಯೂರೋದವರಿಗೂ ತಲೆಪೆಟ್ಟಿನ ಕೆಲಸ ಬೇಕಾದಷ್ಟಿದೆ, ಅವರ ಕೊರತೆ ಇನ್ನೂ ಹೆಚ್ಚು. ಆದರೆ ವೆಂಟಿಲೇಟರು, ರಾತ್ರಿಯಿಡೀ ಸಿಟಿ ಸ್ಕ್ಯಾನು, ತೀವ್ರ ನಿಗಾ ಘಟಕದ ಸಿಬ್ಬಂದಿ ಇಲ್ಲದ ಕಡೆ ನರಶಸ್ತ್ರವೈದ್ಯರು ಕೈಕಟ್ಟಿಸಿಕೊಂಡಂತೆ.

ಫೆಲೋಶಿಪ್: ಎರಡು ವರ್ಷವೋ, ಅಲ್ಪಾವಧಿಯೋ

ಎಂಎಸ್ ಮುಗಿದ ಕೂಡಲೇ ಬೆನ್ನಿಗೆ ಕೈ ಹಾಕುವ ಕಾಲ ಹೋಯಿತು. ಈಗ ಇರುವ ಮುಖ್ಯ ಆಯ್ಕೆಗಳಲ್ಲಿ ಹೆಚ್ಚು ತೂಕದ್ದು ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎಫ್‌ಎನ್‌ಬಿ. ಎರಡು ವರ್ಷ, ಪ್ರವೇಶ ಪರೀಕ್ಷೆಯ ಮೂಲಕ, ಆರ್ಥೋ ಮತ್ತು ನ್ಯೂರೋ ಎರಡೂ ಕಡೆಯವರಿಗೆ ತೆರೆದಿರುವಂಥದ್ದು. ಇದಲ್ಲದೆ ಭಾರತೀಯ ಬೆನ್ನುಮೂಳೆ ಶಸ್ತ್ರವೈದ್ಯರ ಸಂಘ, ಅಂದರೆ ಎಎಸ್‌ಎಸ್‌ಐ, ನಡೆಸುವ ಫೆಲೋಶಿಪ್‌ಗಳಿವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯತೆ ಇರುವಂಥವು ಇವೆ. ಎಓ ಸ್ಪೈನ್ ಎಂಬ ಅಂತರರಾಷ್ಟ್ರೀಯ ಬೆನ್ನುಮೂಳೆ ವೈದ್ಯರ ಸಂಘಟನೆಯ ಅಲ್ಪಾವಧಿಯವು ಇವೆ. ಅಲ್ಪಾವಧಿಯದ್ದು ಈಗಾಗಲೇ ಕೈ ಕುದುರಿದವರಿಗೆ ಒಂದು ಹೊಸ ತಂತ್ರ ನೋಡಿಬರಲು ಸರಿ. ಅದನ್ನೇ ಮೊದಲ ತರಬೇತಿ ಎಂದುಕೊಂಡು ಫಲಕದಲ್ಲಿ "ಸ್ಪೈನ್ ತಜ್ಞ" ಎಂದು ಬರೆಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಸ್ಥಳದ ವಿಷಯಕ್ಕೆ ಬಂದರೆ ಕೊಯಮತ್ತೂರಿನ ಗಂಗಾ ಆಸ್ಪತ್ರೆ, ವೆಲ್ಲೂರಿನ ಸಿಎಂಸಿ, ದೆಹಲಿಯ ವಸಂತ್ ಕುಂಜ್‌ನಲ್ಲಿರುವ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ದೇಶದಲ್ಲೇ ಹೆಸರಾದವು. ದೆಹಲಿಯದ್ದನ್ನು ಕಟ್ಟಿದವರು 1965ರಲ್ಲಿ ಎವರೆಸ್ಟ್ ಏರಿ, ಅದೇ ವರ್ಷ ಯುದ್ಧದಲ್ಲಿ ಗುಂಡು ತಗುಲಿ ಗಾಲಿಕುರ್ಚಿಗೆ ಬಂದ ಮೇಜರ್ ಎಚ್‌.ಪಿ.ಎಸ್. ಅಹ್ಲುವಾಲಿಯಾ, ಹಾಗಾಗಿಯೇ ಅಲ್ಲಿ ಶಸ್ತ್ರಚಿಕಿತ್ಸೆಯಷ್ಟೇ ಮಹತ್ವ ಪುನಶ್ಚೇತನಕ್ಕೂ ಇದೆ. ಕೋಲಾರದವರಿಗೆ ವೆಲ್ಲೂರು ಹೊಸದಲ್ಲ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿಯುವ ರೋಗಿಗಳ ಪರಂಪರೆಯೇ ಇದೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲೂ ಒಳ್ಳೆಯ ತರಬೇತಿ ದೊರೆಯುತ್ತದೆ. ಅಲ್ಲಿ ಕಂಪ್ಯೂಟರ್ ಚಿತ್ರ ನೋಡುತ್ತ ಸ್ಕ್ರೂ ಹಾಕುವ ನ್ಯಾವಿಗೇಶನ್, ನರದ ಮಾನಿಟರಿಂಗ್, ಸಣ್ಣ ರಂಧ್ರದಲ್ಲಿ ಕ್ಯಾಮೆರಾ ಹಾಕಿ ಮಾಡುವ ಎಂಡೋಸ್ಕೋಪಿ ಎಲ್ಲ ಕಣ್ಣಿಗೆ ಬೀಳುತ್ತವೆ. ಬೀಳುವುದು ಕಣ್ಣಿಗೆ ಮಾತ್ರವೋ, ಕೈಗೂ ಸಿಗುತ್ತದೆಯೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಹಣ ಕೊಟ್ಟು ಚಿಕಿತ್ಸೆ ಪಡೆಯುವ ರೋಗಿ ತನ್ನ ಬೆನ್ನನ್ನು ದೊಡ್ಡ ಡಾಕ್ಟರೇ ಮುಟ್ಟಬೇಕು ಎನ್ನುವುದು ಸಹಜ, ಫೆಲೋ ಆದವರು ಎರಡು ವರ್ಷ ಗಾಯ ಅಗಲಿಸುವ ರಿಟ್ರಾಕ್ಟರ್ ಹಿಡಿದೇ ಹೊರಬರುವ ಸಂದರ್ಭಗಳಿವೆ.

ಆದ್ದರಿಂದ ವಿಭಾಗದ ಮುಖ್ಯಸ್ಥರನ್ನು ಕೇಳುವುದಕ್ಕಿಂತ ಹಿಂದಿನ ಸಾಲಿನ ಫೆಲೋಗಳನ್ನು ಕೇಳಿ. ಪೆಡಿಕಲ್ ಸ್ಕ್ರೂಗಳನ್ನು ನೀವೇ ಹಾಕಿದಿರಾ, ಯಾವ ತಿಂಗಳಿನಿಂದ? ಕುತ್ತಿಗೆಯ ಮುಂಭಾಗದಿಂದ ಹೋಗುವ ಶಸ್ತ್ರಚಿಕಿತ್ಸೆಯಲ್ಲಿ ನಿಮ್ಮ ಪಾಲು ಎಷ್ಟಿತ್ತು? ಕೆಟ್ಟು ಹೋದ ಪ್ರಕರಣಗಳನ್ನು ವಾರಕ್ಕೊಮ್ಮೆ ಎಲ್ಲರೆದುರು ಚರ್ಚಿಸುತ್ತಾರೆಯೇ? ಆರು ತಿಂಗಳ ಹಿಂದೆ ಶಸ್ತ್ರಚಿಕಿತ್ಸೆಯಾದವರನ್ನು ಓಪಿಡಿಯಲ್ಲಿ ಮತ್ತೆ ನೋಡುವ ಅವಕಾಶ ನಿಮಗಿತ್ತೇ? ಕೊನೆಯ ಎರಡು ಪ್ರಶ್ನೆಗಳಿಗೆ ಇಲ್ಲ ಎಂಬ ಉತ್ತರ ಬಂದರೆ ಆ ಆಸ್ಪತ್ರೆಯ ಹೆಸರು ಎಷ್ಟೇ ದೊಡ್ಡದಿರಲಿ ನಾನಾದರೆ ಹಿಂಜರಿಯುತ್ತೇನೆ.

ಎಂಡೋಸ್ಕೋಪಿಯ ವಿಷಯವನ್ನು ಚುಟುಕಾಗಿ ಹೇಳುವುದಾದರೆ, ತೆರೆದು ಮಾಡುವುದನ್ನು ಸರಿಯಾಗಿ ಕಲಿಯದವರು ಅದಕ್ಕೆ ಕೈ ಹಾಕಬಾರದು. ರಂಧ್ರದ ಮೂಲಕ ಮಾಡುವಾಗ ರಕ್ತ ಸೋರಿ ಏನೂ ಕಾಣದಂತಾದರೆ ತೆರೆದೇ ಮುಗಿಸಬೇಕಾಗುತ್ತದೆ.

ಹಣಕಾಸಿನ ಒಂದು ಮಾತು ಇಲ್ಲಿ ಹೇಳಲೇಬೇಕು. ಖಾಸಗಿ ಪಿಜಿ ಸೀಟಿಗೆ ಸಾಲ ಮಾಡಿದ ಮನೆಯಲ್ಲಿ, ಎಂಎಸ್ ಮುಗಿದ ಮೇಲೂ ಮಗ ಅಥವಾ ಮಗಳು ಇನ್ನೆರಡು ವರ್ಷ ಸ್ಟೈಪೆಂಡ್ ಮೇಲೆ ಬದುಕುತ್ತಾರೆ ಎಂದರೆ ಅಪ್ಪ ಅಮ್ಮನಿಗೆ ಅರ್ಥವಾಗುವುದು ಕಷ್ಟ. ಸಾಲದ ಕಂತು ಯಾವಾಗ ಶುರುವಾಗುತ್ತದೆ ಎಂಬುದನ್ನು ಪಿಜಿ ಕೌನ್ಸೆಲಿಂಗ್ ದಿನವೇ ಲೆಕ್ಕ ಹಾಕಿ, ಮನೆಯವರಿಗೆ ಹೇಳಿ. ಜೊತೆಗೆ ಸರ್ಕಾರಿ ಸೇವೆಯ ಕರಾರು. ವೈದ್ಯಕೀಯ ಪದವೀಧರರ ಕಡ್ಡಾಯ ಗ್ರಾಮೀಣ ಸೇವೆಯ ಕಾಯ್ದೆ ಕರ್ನಾಟಕದಲ್ಲಿ 2012ರಲ್ಲಿ ಬಂದದ್ದು, ಆಮೇಲೆ ತಿದ್ದುಪಡಿಯಾಗಿದೆ. ನೀವು ಸೇರುವ ವರ್ಷದ ನಿಯಮವನ್ನೇ ಓದಬೇಕು, ಸೀನಿಯರ್‌ಗಳ ಬಾಯಿಮಾತನ್ನು ನೆಚ್ಚಬಾರದು. ಎಂಎಸ್ ಸೀಟಿಗೆ ಹೋಲಿಸಿದರೆ ಡಿಎನ್‌ಬಿ ಸೀಟಿನ ಶುಲ್ಕ ಬಹಳಷ್ಟು ಸಂದರ್ಭದಲ್ಲಿ ಹಗುರ. ಪದವಿಯ ಬೆಲೆಯಲ್ಲಿ ಕಡಿಮೆಯೇನಿಲ್ಲ, ಅಂತಿಮ ಪರೀಕ್ಷೆ ಬಿಗಿ ಎಂಬ ಹೆಸರಿದೆ.

ಎಲ್ಲಿ ನೆಲೆಸುವುದು

ಈಗ ಭಾರವಾದ ಆಯ್ಕೆ. ತರಬೇತಿ ಮುಗಿಸಿದವರ ಮುಂದೆ ನಾಲ್ಕು ಜಾಗಗಳಿರುತ್ತವೆ: ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆ, ಊರಿನಲ್ಲಿ ಸ್ವಂತ ನರ್ಸಿಂಗ್ ಹೋಂ, ಬೆಂಗಳೂರಿನಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಬರುವ ವಿಸಿಟಿಂಗ್ ವೃತ್ತಿ, ಮತ್ತು ಜಿಲ್ಲೆಯ ವೈದ್ಯಕೀಯ ಕಾಲೇಜು.

ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಸಲಕರಣೆ, ಅರಿವಳಿಕೆ, ತೀವ್ರ ನಿಗಾ ಎಲ್ಲ ಸಿದ್ಧ. ಹೊಸಬರಿಗೆ ಹಿರಿಯರ ನೆರಳೂ ಇರುತ್ತದೆ, ಅದು ಒಳ್ಳೆಯದೂ ಹೌದು, ರೋಗಿಗಳು ಹೆಸರು ಹಿಡಿದು ಬರಲು ಅಡ್ಡಿಯೂ ಹೌದು. ತಿಂಗಳ ಕೊನೆಗೆ ಎಷ್ಟು ಶಸ್ತ್ರಚಿಕಿತ್ಸೆ ಆಯಿತು ಎಂದು ಲೆಕ್ಕ ಕೇಳುವ ಕಡೆ, ಶಸ್ತ್ರಚಿಕಿತ್ಸೆ ಬೇಡ ಎಂದು ಹೇಳಿ ಕಳಿಸಿದವರ ಲೆಕ್ಕವನ್ನು ಯಾರೂ ಕೇಳುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಸೇರಬೇಕು. ಅಷ್ಟಾದರೂ, ಫೆಲೋಶಿಪ್ ಮುಗಿದ ಮೇಲಿನ ಮೂರು ನಾಲ್ಕು ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಕಷ್ಟ. ಮೊದಲ ಕಷ್ಟದ ಪ್ರಕರಣಗಳಲ್ಲಿ ಪಕ್ಕದ ಥಿಯೇಟರಿನಿಂದ ಹಿರಿಯರೊಬ್ಬರು ಬಂದು ಕೈ ಹಾಕುವುದಕ್ಕೆ ಬೆಲೆ ಕಟ್ಟಲಾಗದು. ಸಂಜಯ ಗಾಂಧಿ ಟ್ರಾಮಾ ಮತ್ತು ಮೂಳೆ ಸಂಸ್ಥೆಯಂಥ ಸರ್ಕಾರಿ ಸ್ವಾಯತ್ತ ಸಂಸ್ಥೆಗಳಲ್ಲಿ ಸೀನಿಯರ್ ರೆಸಿಡೆಂಟ್ ಆಗಿರುವುದೂ ಇದಕ್ಕೆ ಸಮನಾದ ಆಯ್ಕೆ. ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಒಂದು ವರ್ಷದ ಸೀನಿಯರ್ ರೆಸಿಡೆನ್ಸಿ ಹೇಗೂ ಬೇಕು.

ಸ್ವಂತ ನರ್ಸಿಂಗ್ ಹೋಂ ನಮ್ಮ ಕಡೆಯ ಹಳೆಯ ಕನಸು. ಸಾಮಾನ್ಯ ಆರ್ಥೋಗೆ ಅದು ನಡೆಯುತ್ತದೆ. ಬೆನ್ನುಮೂಳೆಗೆ ಸಿ-ಆರ್ಮ್ ಎಂಬ ಥಿಯೇಟರಿನ ಎಕ್ಸ್-ರೇ ಯಂತ್ರ, ಕ್ಷ-ಕಿರಣ ಹಾಯುವ ಟೇಬಲ್, ರಕ್ತನಿಧಿ, ರಾತ್ರಿಯೂ ಸಿಗುವ ಅರಿವಳಿಕೆ ತಜ್ಞರು, ಎಂಆರ್‌ಐ ಕೈಗೆಟುಕುವ ದೂರದಲ್ಲಿ, ಇಷ್ಟೆಲ್ಲ ಬೇಕು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ನೋಂದಣಿ, ಅಗ್ನಿಶಾಮಕ, ತ್ಯಾಜ್ಯ ನಿರ್ವಹಣೆಯ ಓಡಾಟ ಬೇರೆ. ಇಂಪ್ಲಾಂಟ್ ಡೀಲರು ಸೆಟ್ ತಂದಿಟ್ಟು, ಬಳಸಿದ್ದಕ್ಕೆ ಮಾತ್ರ ಬಿಲ್ ಮಾಡುವ ಪದ್ಧತಿಯಲ್ಲಿ ಕೆಲಸ ನಡೆಯುತ್ತದೆ. ನಡುರಾತ್ರಿ ಬೇಕಾದ ಅಳತೆಯ ಸ್ಕ್ರೂ ಸೆಟ್ಟಿನಲ್ಲಿಲ್ಲ ಎಂದು ತಿಳಿಯುವ ಅನುಭವ ಈ ವೃತ್ತಿಯವರಿಗೆ ಅಪರೂಪದ್ದಲ್ಲ. ಒಬ್ಬರೇ ನಡೆಸುವ ಕಡೆ ಬೆನ್ನಿನ ದೊಡ್ಡ ಕೆಲಸ ಬೇಡ ಎನ್ನುವುದೇ ನನ್ನ ಸಲಹೆ.

ವಿಸಿಟಿಂಗ್ ವೃತ್ತಿಯನ್ನು ಕಾಗದದ ಮೇಲೆ ನೋಡಿದರೆ ಎರಡೂ ಕೈಯಲ್ಲಿ ಲಡ್ಡು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿನಿಂದ ಅರವತ್ತು ಎಪ್ಪತ್ತು ಕಿಲೋಮೀಟರ್ ಆಸುಪಾಸು. ಶನಿವಾರ ಬೆಳಿಗ್ಗೆ ಬಂದು, ಓಪಿಡಿ ನೋಡಿ, ಎರಡು ಕೇಸು ಮಾಡಿ, ಕತ್ತಲಾಗುವ ಮುಂಚೆ ವಾಪಸು. ಆದರೆ ಬೆನ್ನಿನ ಶಸ್ತ್ರಚಿಕಿತ್ಸೆಯ ಅಪಾಯ ಥಿಯೇಟರಿನ ಬಾಗಿಲಲ್ಲಿ ಮುಗಿಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಡ್ಯೂಟಿ ನರ್ಸ್ ವಾರ್ಡಿಗೆ ಬಂದು ಹೆಬ್ಬೆರಳು ಮೇಲೆತ್ತಲು ಹೇಳುತ್ತಾರೆ. ಸಂಜೆ ಎತ್ತುತ್ತಿದ್ದ ಬೆರಳು ಈಗ ಏಳುತ್ತಿಲ್ಲ. ಗಾಯದೊಳಗೆ ರಕ್ತ ಹೆಪ್ಪುಗಟ್ಟಿ ನರಗಳನ್ನು ಒತ್ತುತ್ತಿರಬಹುದು, ಹಾಗಿದ್ದರೆ ಕೆಲವೇ ತಾಸುಗಳಲ್ಲಿ ಮತ್ತೆ ತೆರೆದು ತೆಗೆಯಬೇಕು, ತಡವಾದಷ್ಟೂ ಕಾಲು, ಮಲಮೂತ್ರದ ಹಿಡಿತ ಮರಳುವ ಸಾಧ್ಯತೆ ಕುಗ್ಗುತ್ತದೆ. ಆ ಹೊತ್ತಿಗೆ ಶಸ್ತ್ರವೈದ್ಯರು ನೆಲಮಂಗಲದ ಆಚೆ ಅಥವಾ ಹೊಸಕೋಟೆಯ ಆಚೆ ಮಲಗಿದ್ದಾರೆ; ಫೋನಿನಲ್ಲಿ ಮಾತನಾಡುತ್ತಿರುವ ಡ್ಯೂಟಿ ಡಾಕ್ಟರಿಗೆ ಬೆನ್ನಿನ ಗಾಯ ತೆರೆದು ಗೊತ್ತಿಲ್ಲ. ವಿಸಿಟಿಂಗ್ ಮಾಡುವುದೇ ಆದರೆ ಓಪಿಡಿ ಮಾತ್ರ ನೋಡಿ, ಶಸ್ತ್ರಚಿಕಿತ್ಸೆ ಬೇಕಾದವರನ್ನು ನೀವು ರಾತ್ರಿ ಇರುವ ಆಸ್ಪತ್ರೆಗೆ ಕರೆಸಿಕೊಳ್ಳಿ. ಶಸ್ತ್ರಚಿಕಿತ್ಸೆಯಾದ ರಾತ್ರಿ ಊರಿನಲ್ಲೇ ತಂಗುವ ಅಥವಾ ಅಲ್ಲಿಯೇ ನೆಲೆಸಿರುವ ತರಬೇತಾದ ಜೊತೆಗಾರರೊಬ್ಬರನ್ನು ಇಟ್ಟುಕೊಂಡಿರುವ ಕೆಲವರು ಇದನ್ನು ಸರಿಯಾಗಿಯೇ ನಡೆಸುತ್ತಿದ್ದಾರೆ, ಅದು ಬೇರೆ ಮಾತು.

ಜಿಲ್ಲೆಯ ವೈದ್ಯಕೀಯ ಕಾಲೇಜಿನಲ್ಲಿ ಸಂಬಳ ಬೆಂಗಳೂರಿನಷ್ಟಿಲ್ಲ, ನ್ಯಾವಿಗೇಶನ್ ಇಲ್ಲದಿರಬಹುದು, ತಪಾಸಣೆ ಬಂದಾಗ ಕಡತ ತುಂಬಿಸುವ ಕೆಲಸ ತಲೆನೋವು. ಆದರೆ ಬೆನ್ನುಮೂಳೆಗೆ ಬೇಕಾದ ತಂಡ ಒಂದೇ ಆವರಣದಲ್ಲಿ ದೊರೆಯುತ್ತದೆ: ರಾತ್ರಿ ಇರುವ ಪಿಜಿಗಳು, ಅರಿವಳಿಕೆ, ರೇಡಿಯಾಲಜಿ, ಫಿಸಿಯೋಥೆರಪಿ, ಕ್ಷಯದ ತುಣುಕು ಪರೀಕ್ಷಿಸುವ ಮೈಕ್ರೋಬಯಾಲಜಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, 2003ರಲ್ಲಿ ಶುರುವಾಗಿ ನಡುವೆ ನಿಂತು ಮತ್ತೆ ಚಾಲನೆಗೊಂಡ, ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿಯಂಥ ಯೋಜನೆಗಳ ಮೂಲಕ ಹಾಲಿನ ಡೇರಿಗೆ ಹಾಲು ಹಾಕುವ ಮನೆಯವರೂ ಶಸ್ತ್ರಚಿಕಿತ್ಸೆಗೆ ಬರಬಲ್ಲರು. ಫ್ಲೋರೋಸಿಸ್ ಬಗ್ಗೆ ಪಿಜಿ ಪ್ರಬಂಧ ಬರೆಸಲು ಇದಕ್ಕಿಂತ ಸೂಕ್ತ ಸ್ಥಳ ಬೆಂಗಳೂರಿನಲ್ಲಿ ಇಲ್ಲ. ಕಾಲೇಜಿಗೆ ಸೇರುವ ಮುನ್ನ ಬೆನ್ನುಮೂಳೆಗೆ ವಾರದಲ್ಲಿ ಒಂದು ಪೂರ್ತಿ ಥಿಯೇಟರ್ ದಿನ ಮತ್ತು ಪ್ರತ್ಯೇಕ ಓಪಿಡಿ ದಿನ ಬರಹದಲ್ಲಿ ಸಿಗುತ್ತದೆಯೇ ಎಂದು ಕೇಳಿ. ಸಿಗದಿದ್ದರೆ ನೀವು ಸಾಮಾನ್ಯ ಆರ್ಥೋ ಯೂನಿಟ್ಟಿನಲ್ಲಿ ಕರಗಿಹೋಗುತ್ತೀರಿ.

ಕೆಲವು ಉಳಿದ ಮಾತುಗಳು

ನಮ್ಮ ಸೀಮೆಯಲ್ಲಿ ರೋಗಿ ವೈದ್ಯರ ಬಳಿ ಬರುವ ಮುನ್ನ ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸಿಕೊಂಡೋ ಬೆನ್ನು ತುಳಿಸಿಕೊಂಡೋ ಬಂದಿರುವುದುಂಟು. "ಬೆನ್ನು ಆಪರೇಷನ್ ಮಾಡಿಸಿದ್ರೆ ಕಾಲು ಬಿದ್ದುಹೋಗುತ್ತೆ" ಎಂದು ಊರೆಲ್ಲ ಹೇಳಿರುತ್ತಾರೆ. ಅವರಿಗೆ ಗದರಿಸದೆ ವಿವರಿಸಲು ಸಮಯ ಬೇಕು, ಭಾಷೆಯೂ ಬೇಕು. ಬಾಗೇಪಲ್ಲಿ, ಪಾವಗಡ, ಮುಳಬಾಗಿಲಿನ ಎಷ್ಟೋ ಮಂದಿಗೆ ಮನೆಮಾತು ತೆಲುಗು. ಕನ್ನಡದ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆ ಪಡೆದಂತಾಗಲಿಲ್ಲ. ಚಿಕಿತ್ಸೆಯ ಸ್ವರೂಪ, ಬೇರೆ ದಾರಿಗಳು, ಅಪಾಯಗಳು ರೋಗಿಗೆ ತಿಳಿಯುವಂತೆ ಹೇಳಿರಬೇಕು ಎಂದು ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವೈದ್ಯಕೀಯ ಸೇವೆ ಗ್ರಾಹಕರ ಕಾಯ್ದೆಯಡಿ ಬರುತ್ತದೆ ಎಂಬುದು 1995ರಿಂದಲೇ ಇತ್ಯರ್ಥವಾದ ವಿಷಯ. ಆರ್ಥೋದ ಬೇರೆ ಉಪವಿಭಾಗಗಳಿಗೆ ಹೋಲಿಸಿದರೆ ಬೆನ್ನುಮೂಳೆಯಲ್ಲಿ ವ್ಯಾಜ್ಯದ ಭಯ ಹೆಚ್ಚು, ವೃತ್ತಿ ವಿಮೆಯ ಕಂತನ್ನು ಮೊದಲ ದಿನದಿಂದಲೇ ಕಟ್ಟುವುದು ಕ್ಷೇಮ.

ದೇಹಶ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೀಸದ ಏಪ್ರನ್ ತೊಟ್ಟು, ಕುತ್ತಿಗೆ ಬಗ್ಗಿಸಿ ನಾಲ್ಕೈದು ತಾಸು ನಿಲ್ಲುವ ಬೆನ್ನಿನ ವೈದ್ಯರಿಗೇ ಬೆನ್ನುನೋವು ಬರುವುದು ಈ ವಿಭಾಗದ ಹಳೆಯ ವ್ಯಂಗ್ಯ. ವಿಕಿರಣ ಅಳೆಯುವ ಬ್ಯಾಡ್ಜ್ ಮತ್ತು ಥೈರಾಯ್ಡ್ ಕವಚ ಕೊಡದ ಆಸ್ಪತ್ರೆಯಲ್ಲಿ ಅವನ್ನು ಕೇಳಿ ಪಡೆಯಿರಿ, ಗರ್ಭಿಣಿಯರಾದ ವೈದ್ಯೆಯರಿಗಂತೂ ಸಿ-ಆರ್ಮ್ ಕೆಲಸದ ಹಂಚಿಕೆ ಮೊದಲೇ ಬರಹದಲ್ಲಿ ಇರಲಿ. ಆರ್ಥೋದಲ್ಲಿ ಹೆಣ್ಣುಮಕ್ಕಳು ಇನ್ನೂ ಕಡಿಮೆ. ಅದಕ್ಕೆ ಬಲದ ಕಾರಣ ಹೇಳುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ, ಡೂರಾದ ಬಳಿ ಬೇಕಾಗುವುದು ಹಗುರವಾದ ಕೈ.

ತೀರ್ಮಾನಕ್ಕೆ ಸರಿಯಾದ ಕಾಲ ಪಿಜಿಯ ಎರಡನೆಯ ವರ್ಷದ ನಡುಭಾಗ ಎಂದು ತೋರುತ್ತದೆ. ಅಷ್ಟರಲ್ಲಿ ಮಂಡಿ ಬದಲಿ, ಆರ್ತ್ರೋಸ್ಕೋಪಿ, ಮಕ್ಕಳ ಮೂಳೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ನೋಡಿರುತ್ತೀರಿ. ಮಂಡಿ ಬದಲಿಸಿದ ಅಜ್ಜಿ ಮಾರನೆಯ ದಿನ ವಾಕರ್ ಹಿಡಿದು ನಡೆದಾಗ ಸಿಗುವ ಬೇಗನೆಯ ತೃಪ್ತಿ ನಿಮಗೆ ಬೇಕೇ ಬೇಕು ಎನಿಸಿದರೆ ಆ ಕಡೆಗೇ ಹೋಗಿ. ಬೆನ್ನುಮೂಳೆಯೇ ಎಂದಾದರೆ ಪ್ರಬಂಧದ ವಿಷಯವನ್ನು ಅದಕ್ಕೆ ಹೊಂದುವಂತೆ ಆರಿಸಿಕೊಂಡಿದ್ದೀರಾ ನೋಡಿಕೊಳ್ಳಿ, ರಜೆಯ ಒಂದು ತಿಂಗಳನ್ನು ನೀವು ಸೇರಬಯಸುವ ಆಸ್ಪತ್ರೆಯಲ್ಲಿ ವೀಕ್ಷಕರಾಗಿ ಕಳೆಯಿರಿ, ಮತ್ತು ಆ ತಿಂಗಳಲ್ಲಿ ಥಿಯೇಟರಿನಷ್ಟೇ ಹೊತ್ತು ಓಪಿಡಿಯಲ್ಲೂ ಕೂತು, ಬಂದವರಲ್ಲಿ ಎಷ್ಟು ಮಂದಿಯನ್ನು ಶಸ್ತ್ರಚಿಕಿತ್ಸೆ ಬೇಡವೆಂದು ಕಳಿಸುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಸೇರಬೇಕೋ ಬೇಡವೋ ಎಂಬುದನ್ನು ಆ ಪಟ್ಟಿ ನೋಡಿ ನಿರ್ಧರಿಸಬಹುದು.